ಸಿದ್ದಲಿಂಗಯ್ಯನವರು ರುಚಿ ನೋಡದ ಮಿಕ್ಸ್ಚರು

ನಾಗಪುರದ ಅಜನಿ ರೈಲ್ವೆ ವಸಾಹತಿನಲ್ಲಿ ಡಾಕ್ಟರುಗಳು ಬಂದರು, ಹೋದರು. ಅವರ ಹೆಸರುಗಳನ್ನು ಜನ ಮರೆತರು. ಕಂಪೌಂಡರ್ ಸಿದ್ದಲಿಂಗಯ್ಯನವರನ್ನು ಮಾತ್ರ ಯಾರೂ ಮರೆಯುವಂತಿರಲಿಲ್ಲ. ಗದಗಿನ ಕಡೆಯಿಂದ ಬಂದು ಇಪ್ಪತ್ತಾರು ವರ್ಷಗಳಿಂದ ದವಾಖಾನೆಯ ಕಿಟಕಿಯ ಹಿಂದೆ ನಿಂತಿದ್ದ ಆ ಸಣ್ಣ ದೇಹದ, ದೊಡ್ಡ ಕನ್ನಡಕದ ಮನುಷ್ಯ ಔಷಧಿಯನ್ನು ಅಳೆಯುವುದನ್ನು ನೋಡಿದರೆ ಅರ್ಧ ಜ್ವರ ಅಲ್ಲಿಯೇ ಇಳಿಯುತ್ತಿತ್ತು. ಅಳತೆಯ ಗಾಜಿನ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಬಿಗಿಹಿಡಿದು, ಗೆರೆಗೆ ಸರಿಯಾಗಿ ಸುರಿಯುವರು. ಬಾಟಲಿಗೆ ಬಿರಡೆ ಹಾಕುವ ಮುನ್ನ ಒಂದು ಹನಿಯನ್ನು ಕಿರುಬೆರಳ ತುದಿಯಿಂದ ನಾಲಗೆಗೆ ಮುಟ್ಟಿಸಿಕೊಳ್ಳುವರು. ಹುಬ್ಬಳ್ಳಿಯಲ್ಲಿ ಅವರಿಗೆ ಕೆಲಸ ಕಲಿಸಿದ ಮುದುಕ ಕಂಪೌಂಡರು ಹಾಕಿಕೊಟ್ಟ ಪದ್ಧತಿ ಅದು. ಮುಟ್ಟಬಾರದ ವಿಷದ ಔಷಧಿಗಳನ್ನು ಬಿಟ್ಟರೆ, ತಮ್ಮ ನಾಲಗೆ ಒಪ್ಪದ ಒಂದೇ ಒಂದು ಮಿಕ್ಸ್ಚರನ್ನೂ ಅವರು ಕಿಟಕಿಯಾಚೆ ಕೊಟ್ಟವರಲ್ಲ. ಇನ್ನೊಬ್ಬರು ಕುಡಿಯುವುದನ್ನು ತಾನು ಮೊದಲು ಕುಡಿದು ನೋಡದವನು ಕಂಪೌಂಡರನೇ ಅಲ್ಲ ಎಂಬುದು ಅವರ ದೃಢವಾದ ನಂಬಿಕೆ.

ಇಂಥವರು ಒಬ್ಬ ಅಮೆರಿಕದವನಿಗೆ ಮಾತು ಕೊಟ್ಟು ಸಿಕ್ಕಿಹಾಕಿಕೊಂಡರು.

ಅದು ಐವತ್ತಮೂರನೆಯ ಇಸವಿ. ಹೊಲಗಳಲ್ಲಿ ಬೇರುಬಿಟ್ಟಿದ್ದ ಕಾನ್ಸ್ ಎಂಬ ಹಟಮಾರಿ ಹುಲ್ಲನ್ನು ಕೀಳಲು ಸರ್ಕಾರವು ದೊಡ್ಡ ದೊಡ್ಡ ಟ್ರಾಕ್ಟರುಗಳನ್ನು ತರಿಸುತ್ತಿತ್ತು. ಅವುಗಳನ್ನು ಓಡಿಸುವುದನ್ನು ಕಲಿಸಲು ಬಂದವನು ಟಾಲ್ಬರ್ಟ್. ಅವನು ಕೆಂಟಕಿ ಎಂಬ ಪ್ರಾಂತದವನು, ಆರೂವರೆ ಅಡಿ ಎತ್ತರ, ಟೊಮೇಟೊ ಹಣ್ಣಿನ ಬಣ್ಣ. ಗೂಡ್ಸ್ ಯಾರ್ಡಿನಲ್ಲಿ ಟ್ರಾಕ್ಟರು ಇಳಿಸಿಕೊಳ್ಳಲು ಬಂದಾಗಲೆಲ್ಲ ಧೂಳು ಕುಡಿದು ಕೆಮ್ಮುತ್ತ ದವಾಖಾನೆಗೆ ಬರುತ್ತಿದ್ದ. ಸಿದ್ದಲಿಂಗಯ್ಯನವರು ಅವನಿಗೆ ಜೇನುತುಪ್ಪ, ನಿಂಬೆರಸಗಳ ಔಷಧಿಯನ್ನು ಮಾಡಿಕೊಡುತ್ತಿದ್ದರು. ಅದನ್ನು ಕುಡಿದಾಗಲೆಲ್ಲ ಅವನು ಕಣ್ಣು ಮುಚ್ಚಿ, ಇದಕ್ಕೆ ಒಂದೇ ಒಂದು ವಸ್ತು ಕಡಿಮೆ ಎಂದು ನಿಟ್ಟುಸಿರು ಬಿಡುತ್ತಿದ್ದ.

ಆ ವಸ್ತುವನ್ನು ಅವನು ಊರು ಬಿಡುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಅವರ ಮನೆಗೇ ಹೊತ್ತು ತಂದ. ಅರ್ಧಕ್ಕಿಂತ ತುಸು ಮೇಲೆ ಉಳಿದಿದ್ದ ಬರ್ಬನ್ ಎಂಬ ಮದ್ಯದ ಬಾಟಲಿ. ಅವನ ಊರಿನಲ್ಲಿ ಮೆಕ್ಕೆಜೋಳದಿಂದ ಇಳಿಸುವುದಂತೆ. ಹಬ್ಬದ ದಿನ ಅವನ ತಾಯಿ ಅದರಲ್ಲಿ ಜೇನುತುಪ್ಪ, ನಿಂಬೆರಸ ಬೆರೆಸಿ ಕೊಡುತ್ತಿದ್ದಳಂತೆ. ಎರಡು ವರ್ಷಗಳಿಂದ ತಾನೇ ಮಾಡಲು ಹೋಗಿ ನಾಲ್ಕು ಬಾಟಲಿ ಕೆಡಿಸಿದ್ದಾನೆ; ಉಳಿದದ್ದು ಇದೊಂದೇ. ಸಂಜೆ ಐದಕ್ಕೆ ಸಿವಿಲ್ ಲೈನ್ಸಿನ ಬಂಗಲೆಯಲ್ಲಿ ಇಬ್ಬರು ಗೆಳೆಯರೊಡನೆ ಕೊನೆಯ ಕೂಟ. ಪಾತ್ರೆಪಡಗಗಳೆಲ್ಲ ಪೆಟ್ಟಿಗೆ ಸೇರಿವೆ. ಈ ಊರಿನಲ್ಲಿ ಅಳತೆ ಬಲ್ಲವರು ನೀವೊಬ್ಬರೇ, ನಿಮ್ಮ ಕೈಯಿಂದ ಆಗಬೇಕು ಎಂದ. ಸಿದ್ದಲಿಂಗಯ್ಯನವರು ಹೊಗಳಿಕೆಗೆ ಸೋಲುವವರಲ್ಲ. ಆದರೆ ಅಳತೆಯನ್ನು ಹೊಗಳಿದರೆ ಕರಗಿಹೋಗುವರು. ಆಗಲಿ ಎಂದುಬಿಟ್ಟರು. ಅವನ ಮೋಟಾರು ಸೈಕಲ್ಲು ಓಣಿ ದಾಟಿದ ಮೇಲೆ ನೆನಪಾಯಿತು: ತಾವು ಲಿಂಗ ಕಟ್ಟಿದವರು, ಮದ್ಯವನ್ನು ನಾಲಗೆಗೆ ಮುಟ್ಟಿಸುವಂತಿಲ್ಲ. ರುಚಿ ನೋಡದೆ ಕೊಟ್ಟರೆ ಪದ್ಧತಿ ಹೋಯಿತು. ನೋಡಿದರೆ ವ್ರತ ಹೋಯಿತು. ಕೆಟ್ಟರೆ ಇನ್ನೊಂದು ಬಾಟಲಿ ಏಳು ಸಮುದ್ರದಾಚೆ.

ಬಾಗಿಲಲ್ಲಿ ಅವರ ಹೆಂಡತಿ ಚಂದ್ರಮ್ಮ ನಿಂತಿದ್ದರು.

"ಆ ಬಾಟ್ಲಿ ಹೊಸ್ತಿಲಾ ದಾಟೂದಿಲ್ಲ" ಎಂದರು. "ನೀವು ದಾಟೂದಿದ್ರ ಕೈ ತೊಳಕೊಂಡು ದಾಟ್ರಿ."

ಹೀಗಾಗಿ ಪ್ರಯೋಗಶಾಲೆ ಹಿತ್ತಿಲಿಗೆ ಹೋಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳೆಯ 'ಟೈಮ್ಸು' ಹಾಸಿ, ಸ್ವಂತದ ಅಳತೆಯ ಲೋಟ, ಮೆಳಘಾಟದ ಕಾಡಿನ ಕೊರ್ಕು ಜನರಿಂದ ಕೊಂಡಿದ್ದ ಜೇನುತುಪ್ಪ, ಹನ್ನೆರಡು ನಿಂಬೆಹಣ್ಣು, ಹೊಟ್ಟಿನಲ್ಲಿ ಸುತ್ತಿದ ಐಸಿನ ತುಂಡು, ಒಂದು ನೋಟುಪುಸ್ತಕ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡರು. ರುಚಿ ನೋಡುವ ನಾಲಗೆಯೊಂದು ಬೇಕಾಗಿತ್ತು. ಅದು ಪಕ್ಕದ ಗೋಡೆಯ ಮೇಲೆ ಆಗಲೇ ಗದ್ದ ಊರಿಕೊಂಡು ನಿಂತಿತ್ತು. ಸೊಲ್ಲಾಪುರದ ಪಾಂಡುರಂಗ, ಗೂಡ್ಸ್ ಗಾಡಿಯ ಗಾರ್ಡು. ಮರಾಠಿ, ಕನ್ನಡ ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಮಾತಾಡುವವನು. ಎರಡು ಸಲ ಕುಡಿದಿದ್ದೇನೆ, ಎರಡೂ ಸಲ ಮದುವೆಯಲ್ಲಿ ಎಂದು ತನ್ನ ಅನುಭವವನ್ನು ನಿವೇದಿಸಿಕೊಂಡು, ಒಪ್ಪಿಗೆಗೆ ಕಾಯದೆ ಗೋಡೆ ಹಾರಿ ಬಂದ.

ಟಾಲ್ಬರ್ಟ್ ನಾಲ್ಕು ಬಾಟಲಿ ಕೆಡಿಸಿದ್ದು ಹೇಗೆಂಬುದು ಮೊದಲನೆಯ ಪ್ರಯೋಗದಲ್ಲಿಯೇ ತಿಳಿಯಿತು. ಐಸು ಮುಟ್ಟಿದ ಕೂಡಲೇ ಜೇನುತುಪ್ಪವು ಗಟ್ಟಿಯಾಗಿ ತಳದಲ್ಲಿ ಅಂಟಿ ಕುಳಿತಿತು. ಮೇಲೆ ಬರಿಯ ಖಾರ, ಕೆಳಗೆ ಬರಿಯ ಸಿಹಿ. ಪಾಂಡುರಂಗ ಒಂದು ಗುಟುಕಿಗೆ ಕಣ್ಣೀರು ಹಾಕಿ, ಎಂಜಿನ್ನಿನ ಕೆಂಡ ನುಂಗಿದ ಹಾಗಾಯಿತು ಎಂದ. ಸಿದ್ದಲಿಂಗಯ್ಯನವರಿಗೆ ಇದು ನಿತ್ಯದ ಪಾಠ. ಜೇನುತುಪ್ಪಕ್ಕೆ ಅಷ್ಟೇ ಬಿಸಿನೀರು ಸೇರಿಸಿ ತಿಳಿಯಾದ ಪಾಕ ಮಾಡಿದರು. ಪಾಕ ಹೊಂದಿಕೊಂಡಿತು. ಇನ್ನು ಯಾವುದು ಎಷ್ಟು ಎಂಬುದೊಂದೇ ಪ್ರಶ್ನೆ.

ಎರಡನೆಯದಕ್ಕೆ ಪಾಂಡುರಂಗ ಹುಳಿಯೆಂದ. ಮೂರನೆಯದಕ್ಕೆ ಪರವಾಗಿಲ್ಲವೆಂದ. ನಾಲ್ಕನೆಯದು ಚಲೋ ಆಯಿತು. ಐದನೆಯದು ಭಾರಿ ಚಲೋ ಆಯಿತು. ಸಿದ್ದಲಿಂಗಯ್ಯನವರು ಒಂದೊಂದನ್ನೂ ಸಂತೋಷದಿಂದ ಬರೆದುಕೊಂಡರು. ಆರನೆಯದರ ಹೊತ್ತಿಗೆ ಪಾಂಡುರಂಗ ಮನೆಯಿಂದ ಹಸಿರು ಬಾವುಟ ತರಿಸಿಕೊಂಡು, ಹಿತ್ತಿಲ ಆಚೆ ಹೋಗುತ್ತಿದ್ದ ಎಮ್ಮೆಗಳಿಗೆ ಒಂದೊಂದಾಗಿ ಲೈನ್ ಕ್ಲಿಯರ್ ಕೊಡತೊಡಗಿದ್ದ. ಆರನೆಯದು ಹೇಗಿದೆಯೆಂದು ಕೇಳಿದರೆ, ಅಮೃತವೆಂದ. ಒಂದನೆಯದನ್ನೂ ಇನ್ನೊಮ್ಮೆ ಕೊಡಿರಿ, ಪಾಪ, ಅದಕ್ಕೆ ತಾನು ಅನ್ಯಾಯ ಮಾಡಿದ್ದೇನೆ ಎಂದು ಬಾವುಟದಿಂದ ಕಣ್ಣೊರೆಸಿಕೊಂಡ.

ಸಿದ್ದಲಿಂಗಯ್ಯನವರ ಪೆನ್ಸಿಲು ನಿಂತಿತು. ಅವರಿಗೊಂದು ಸಂಶಯ ಬಂತು. ಏಳನೆಯ ಲೋಟದಲ್ಲಿ ಬರಿಯ ನೀರಿಗೆ ಎರಡು ಹನಿ ನಿಂಬೆರಸ ಹಿಂಡಿ, ಮುಖ ಗಂಭೀರ ಮಾಡಿಕೊಂಡು ಕೊಟ್ಟರು. ಪಾಂಡುರಂಗ ಕುಡಿದ. ಕಣ್ಣು ಮುಚ್ಚಿದ. ಬಹಳ ಹೊತ್ತು ತಲೆಯಾಡಿಸಿದ.

"ಅಯ್ಯನವರ," ಎಂದ, "ಇದು ಬರೋಬರ್ ಆತು. ಎಲ್ಲಾದರಕಿಂತ ಕಡಕ್ ಇದಾನ ಐತಿ. ಬಸ್, ಇನ್ನ ಕೈ ಹಚ್ಚಬ್ಯಾಡ್ರಿ."

ಸಿದ್ದಲಿಂಗಯ್ಯನವರು ನೋಟುಪುಸ್ತಕವನ್ನು ಮುಚ್ಚಿ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ಮೂರು ಔನ್ಸು ಹೋಗಿತ್ತು, ಗಂಟೆ ಮೂರಾಗಿತ್ತು, ರುಚಿ ತೂಗಬೇಕಾದ ತಕ್ಕಡಿಯೇ ಕುಣಿಯುತ್ತಿತ್ತು. ಪಾಂಡುರಂಗನ ಹೆಂಡತಿ ಗಂಗೂಬಾಯಿ ಬಂದು ಗಂಡನನ್ನು, ಬಾವುಟವನ್ನು ಎರಡನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡು ಹೋದಳು. ಹೋಗುವಾಗ ಅವನು ಸಿಳ್ಳು ಹಾಕಿ, ಗಾಡಿ ಇಪ್ಪತ್ತು ನಿಮಿಷ ಲೇಟು ಎಂದು ಓಣಿಗೆಲ್ಲ ಸಾರಿದ.

ಚಂದ್ರಮ್ಮ ಬೆಳಗಿನಿಂದಲೂ ಅಡಿಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಲೇ ಇದ್ದರು, ನೋಡುತ್ತಿಲ್ಲವೆಂಬಂತೆ. ಗಂಡನ ಬಗ್ಗಿದ ಬೆನ್ನನ್ನು ಕಂಡು ಹೊರಗೆ ಬಂದು, ಬಾಟಲಿಗೆ ಬೆನ್ನು ಮಾಡಿ ನಿಂತರು.

"ಅಲ್ರೀ, ಶರಬತ್ತಿಗೆ ಏನು ಹಾಕ್ತಾರು? ಸಿಹಿ, ಹುಳಿ, ನೀರು. ಆ ಹಾಳಾದ್ದು ನೀರಿನ ಜಾಗಕ್ಕ ಬಂದೈತಿ, ಅಷ್ಟ. ಮದಲ ಸಿಹಿ ಹುಳಿ ಹೊಂದಸ್ರಿ. ಅದಕ್ಕ ನಿಮ್ಮ ಪಾಂಡುರಂಗ ಯಾಕ ಬೇಕು, ನನ್ನ ನಾಲಿಗಿ ಸತ್ತೈತೇನು?"

ಸಿದ್ದಲಿಂಗಯ್ಯನವರು ಇಪ್ಪತ್ತಾರು ವರ್ಷಗಳ ಅನುಭವದೊಡನೆ ಬಾಯಿ ತೆರೆದುಕೊಂಡು ನೋಡಿದರು. ಇಷ್ಟು ಸುಲಭವಾದದ್ದು ತಮಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು, ನಗುವೂ ಬಂತು.

ಚಂದ್ರಮ್ಮ ತಾಮ್ರದ ತಂಬಿಗೆ ತಂದು, ಜೇನಿನ ಪಾಕಕ್ಕೂ ನಿಂಬೆರಸಕ್ಕೂ ನೀರು ಬೆರೆಸಿ ಹನಿ ಹನಿಯಾಗಿ ಹೊಂದಿಸಿದರು. ಅಂಗೈಯಲ್ಲಿ ಹಾಕಿಕೊಂಡು ನೆಕ್ಕಿ, ಹುಬ್ಬು ಗಂಟಿಕ್ಕಿ, ಇನ್ನೊಂದು ಚಮಚ ಹುಳಿ ಎಂದರು. ಗಂಡನೂ ನಿರ್ಭಯವಾಗಿ ಕಿರುಬೆರಳನ್ನು ಅದ್ದಿದರು. ಇಬ್ಬರ ನಾಲಗೆಯೂ ಒಪ್ಪಿದ್ದು ಸಮಸಮದಲ್ಲಿ: ಪಾಕ ಎಷ್ಟೋ ನಿಂಬೆರಸವೂ ಅಷ್ಟೇ. ಕುಡಿಯುವ ಹದಕ್ಕೆ ಎಷ್ಟು ನೀರು ಹಿಡಿಯಿತೆಂದು ಅಳೆದು, ಆ ನೀರಿನ ಬದಲು ಮದ್ಯ ಎಂದು ಸಿದ್ದಲಿಂಗಯ್ಯನವರು ತ್ರೈರಾಶಿ ಹಾಕಿದರು. ಎರಡು ಪಾಲು ಬರ್ಬನ್ನು, ಪಾಕ ಮುಕ್ಕಾಲು, ನಿಂಬೆ ಮುಕ್ಕಾಲು. ಉಳಿದ ಹನ್ನೆರಡು ಔನ್ಸಿಗೆ ಒಂಬತ್ತು ಔನ್ಸು ಸೇರಿತು. ಉಸಿರು ಬಿಗಿಹಿಡಿದು ಸುರಿದರು, ಕುಲುಕಿದರು, ಮೂರು ಬಾಟಲಿಗೆ ತುಂಬಿದರು. ಬಿರಡೆ ಹಾಕುವಾಗ ಕಿರುಬೆರಳು ತಾನಾಗಿಯೇ ಎದ್ದಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿಕೊಳ್ಳಬೇಕಾಯಿತು.

ಬಾಟಲಿಗಳನ್ನು ಐಸಿನ ಹೊಟ್ಟಿನಲ್ಲಿ ಹುಗಿದು, ಸೈಕಲ್ಲಿನ ಹಿಂದೆ ಕಟ್ಟಿ, ಸಿವಿಲ್ ಲೈನ್ಸಿನ ಅಗಲವಾದ ದಾರಿಯಲ್ಲಿ ಮೆಲ್ಲನೆ ತುಳಿದುಕೊಂಡು ಹೋದರು.

ಬಂಗಲೆಯ ವರಾಂಡದಲ್ಲಿ ಬಾಟಲಿಗಳನ್ನು ಹೊರಗೆ ತೆಗೆದಾಗ ಮೂವರೂ ಅವನ್ನು ನೋಡಿ ಕುರ್ಚಿಯಲ್ಲಿ ಹೊರಳಾಡಿ ನಕ್ಕರು. ಕೈಯ ಅಭ್ಯಾಸ ತನ್ನ ಕೆಲಸ ಮಾಡಿಬಿಟ್ಟಿತ್ತು. ಪ್ರತಿ ಬಾಟಲಿಯ ಬದಿಗೂ ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ, ಎರಡು ಡೋಸಿನ ಗುರುತು. ಮೇಲೊಂದು ಇಂಗ್ಲಿಷ್ ಚೀಟಿ, 'ಚೆನ್ನಾಗಿ ಕುಲುಕಿ ಕುಡಿಯತಕ್ಕದ್ದು. ಊಟವಾದ ಮೇಲೆ.' ಟಾಲ್ಬರ್ಟ್ ಕೂಡಲೇ ಗೆಳೆಯರಿಗೆ ಆಜ್ಞೆ ಮಾಡಿ ಒಂದೊಂದು ಬಿಸ್ಕತ್ತು ತಿನ್ನಿಸಿದ. ಊಟವೆಂದರೆ ಅದೇ.

ಅವನು ಮೊದಲ ಗುರುತಿನವರೆಗೆ ಬಗ್ಗಿಸಿಕೊಂಡು ಲೋಟ ಎತ್ತಿದಾಗ ಸಿದ್ದಲಿಂಗಯ್ಯನವರಿಂದ ಸುಮ್ಮನಿರಲಾಗಲಿಲ್ಲ. ತಮ್ಮ ಔಷಧಿಶಾಲೆಯ ಇಂಗ್ಲಿಷಿನಲ್ಲಿ ನಿಜವನ್ನು ಒಪ್ಪಿಸಿದರು: ತಾವು ರುಚಿ ನೋಡದೆ ಕೈಯಿಂದ ಬಿಟ್ಟ ಮೊದಲನೆಯ ಮಿಕ್ಸ್ಚರು ಇದು, ಕೆಟ್ಟಿದ್ದರೆ ಅಪರಾಧ ತಮ್ಮದು, ಅರ್ಧ ಹೆಂಡತಿಯ ನಾಲಗೆಯ ಮೇಲೆ, ಅರ್ಧ ಲೆಕ್ಕದ ಮೇಲೆ ನಂಬಿಕೆಯಿಟ್ಟು ತಂದದ್ದು. ಟಾಲ್ಬರ್ಟ್ ನಗುವುದನ್ನು ನಿಲ್ಲಿಸಿದ. ಒಂದು ಗುಟುಕು ಕುಡಿದ. ಆ ದೊಡ್ಡ ಮುಖ ಚಿಕ್ಕ ಹುಡುಗನ ಮುಖವಾಯಿತು. ಉಳಿದದ್ದನ್ನು ನಿಧಾನವಾಗಿ ಮುಗಿಸಿ, ಲೋಟವನ್ನು ಕೆಳಗಿಟ್ಟು, ಸಿದ್ದಲಿಂಗಯ್ಯನವರನ್ನು ಸೊಂಟ ಹಿಡಿದು ಮೇಲಕ್ಕೆತ್ತಿ ವರಾಂಡದ ತುಂಬ ಮೂರು ಸುತ್ತು ತಿರುಗಿಸಿದ. ಕನ್ನಡಕ ಒಂದು ಕಿವಿಗೆ ಜೋತುಬಿತ್ತು. ಲಿಂಗದ ಕರಡಿಗೆಯನ್ನು ಒಂದು ಕೈಯಿಂದ, ಧೋತರವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಅವರು ನಗುತ್ತಿದ್ದರು. ಹನಿಯನ್ನೂ ಮುಟ್ಟದವರಿಗೆ ಭೂಮಿಯೆಲ್ಲ ತಿರುಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಾಗ ಚಂದ್ರಮ್ಮ ಹೊಸ್ತಿಲಲ್ಲೇ ತಡೆದು, ಬಾಯಿ ಮೂಸಿ ನೋಡಿ, ಆಮೇಲೆ ಒಳಗೆ ಬಿಟ್ಟರು. ಎದುರಿಗೇ ಬಂದು ಕುಳಿತರು. ಗಂಡ ಎಲ್ಲವನ್ನೂ ಹೇಳಿದರು; ತನ್ನ ತಾಯಿಯದೇ ಕೈರುಚಿ ಎಂದು ಟಾಲ್ಬರ್ಟ್ ಕೊನೆಗೆ ಹೇಳಿದ್ದನ್ನೂ ಹೇಳಿದರು. ಕಂಪೌಂಡರಾದ್ದರಿಂದ ಏನನ್ನೂ ಬಿಡಲಾರದೆ, ಆದರೆ ಹುಳಿ ಒಂದು ಚೂರು ಹೆಚ್ಚು, ತನ್ನ ತಾಯಿ ಅಷ್ಟು ಹಾಕುತ್ತಿರಲಿಲ್ಲ ಎಂದದ್ದನ್ನೂ ಸೇರಿಸಿದರು.

ಚಂದ್ರಮ್ಮನ ಮುಖ ಕೆಂಪಾಯಿತು.

"ಹುಳಿ ಹೆಚ್ಚು? ನಾ ಹಾಕಿದ್ದು ಹೆಚ್ಚು? ಹಂಗಾರ ಅವರವ್ವಗ ಮಾಡಾಕ ಬರ್ತಿದ್ದಿಲ್ಲ ಅಂತ ಹೇಳ್ರಿ ಹೋಗಿ. ಅಷ್ಟು ಹುಳಿ ಇಲ್ಲಂದ್ರ ಆ ಬರ್ಬನ್ನು ರುಚಿ ಹತ್ತತೈತೇನು?"

ಹೇಳಿ ಮುಗಿಸಿದ ಮೇಲೆ ತಾವು ಹೇಳಿದ್ದೇನೆಂಬುದು ಅವರ ಕಿವಿಗೇ ಕೇಳಿಸಿತು. ಸಿದ್ದಲಿಂಗಯ್ಯನವರು ಕನ್ನಡಕ ಸರಿಮಾಡಿಕೊಂಡು, ಬರ್ಬನ್ನಿನ ರುಚಿ ನಿಮಗೆ ಹೇಗೆ ಗೊತ್ತು ಎಂದು ಬಹಳ ವಿನಯದಿಂದ ವಿಚಾರಿಸಿದರು. ಚಂದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜಗಳು ಕುಲುಕತೊಡಗಿದವು. ಗೋಡೆಯಾಚೆ ಗಂಗೂಬಾಯಿ, ಈ ಮನೆಯವರಿಗೂ ಏನಾಯಿತಪ್ಪಾ ಎಂದು ಮರಾಠಿಯಲ್ಲಿ ಕೂಗಿ ಕೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.