ಮಗುವಿನ ಸೊತ್ತು

ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವರ ಮನೆಗೂ ಮಗಳಿಗೂ ಕೋರ್ಟು ಚಿಕ್ಕಪ್ಪನನ್ನೇ ಪಾಲಕರನ್ನಾಗಿ ಮಾಡಿತು. ಅಂದಿನಿಂದ ಅವರ ಬಾಯಲ್ಲಿ ಒಂದೇ ಮಾತು: "ಇದು ನಂದಲ್ಲಪ್ಪ, ಮಗೂದು." ಬೀಗ ಹಾಕಿದ ಆ ಮನೆಯನ್ನು ಭಾನುವಾರ ತೆಗೆದು ಗುಡಿಸುವರು, ಬೆವರು ಸುರಿದರೂ ಫ್ಯಾನು ಹಾಕರು, ಕುರ್ಚಿ ಸವೆದೀತೆಂದು ನೆಲದ ಮೇಲೆ ಕೂರುವರು, ಕುಡಿಯುವ ನೀರನ್ನೂ ತಮ್ಮ ಮನೆಯಿಂದಲೇ ಹೊತ್ತು ತರುವರು. ಅಮ್ಮ ಮಗಳಿಗೆಂದು ಹೆಣೆದು ಕಪಾಟಿನಲ್ಲಿಟ್ಟಿದ್ದ ಕೆಂಪು ಸ್ವೆಟರನ್ನು ಆರು ವರ್ಷದ ಹುಡುಗಿ ಮೊದಲ ಚಳಿಗಾಲದಲ್ಲೇ ಕೇಳಿದಳು. "ಕೋರ್ಟಿಗೆ ಲೆಕ್ಕ ಕೊಟ್ಟಿರೋ ಸಾಮಾನಮ್ಮ, ನೀನು ದೊಡ್ಡವಳಾಗೋ ತನಕ ಮುಟ್ಟೋ ಹಾಗಿಲ್ಲ" ಎಂದು ತಮ್ಮ ಶಾಲನ್ನೇ ಹೊದಿಸಿದರು. ವರ್ಷ ವರ್ಷವೂ ಸ್ವೆಟರಿನ ಮಡಿಕೆಗಳಲ್ಲಿ ಹೊಸ ನುಸಿಗುಳಿಗೆ ಇಟ್ಟರು. ಅವಳಿಗೆ ಹದಿನೆಂಟು ತುಂಬಿದ ದಿನ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸುತ್ತಾ, "ನೋಡು ತಾಯಿ, ಒಂದು ಎಳೇನೂ ಬಿಚ್ಚಿಲ್ಲ" ಎಂದರು. ಅದರ ಪುಟ್ಟ ತೋಳಿನೊಳಗೆ ಅವಳ ಮುಷ್ಟಿಯೂ ತೂರಲಿಲ್ಲ.