ಗೋಡೆಯಾಚೆಯ ಪಾರ್ಕಿಗೆ ಕಾರಿನಲ್ಲಿ

ರಾಜಾಜಿನಗರದಿಂದ ಹೇರೋಹಳ್ಳಿಗೆ ಹೋಗಿ ಬಂದದ್ದನ್ನೂ ಪ್ರವಾಸ ಅಂತ ಬರೆಯುತ್ತಾಳಲ್ಲ ಎಂದು ನಗಬೇಡಿ. ಅಲ್ಲಿ ಆದ ಗಾಬರಿ ನನಗಿನ್ನೂ ಇಳಿದಿಲ್ಲ.

ವಿಮಲಕ್ಕ ನನ್ನ ಒಡಹುಟ್ಟಿದವಳು. ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಳು. ಮಗ ಮಂಜು ಹೇರೋಹಳ್ಳಿಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ ಮೇಲೆ ಅಲ್ಲಿಗೆ ಹೋದಳು. ಈಚೆಗೆ ಅವಳ ಮಂಡಿಗೆ ಆಪರೇಷನ್ ಆಯಿತು. ದಿನಾ ನಡೆಯದಿದ್ದರೆ ಮಂಡಿ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಫೋನಿನಲ್ಲಿ ಕೇಳಿದಾಗಲೆಲ್ಲ "ನಡೀತಾ ಇದೀನಿ ಕಣೇ" ಅನ್ನುತ್ತಿದ್ದಳು. ನನಗೆ ನಂಬಿಕೆ ಬರಲಿಲ್ಲ. ಕಣ್ಣಾರೆ ನೋಡಿ ಬರೋಣವೆಂದು ಅವಳಿಗಿಷ್ಟದ ಅವರೆಕಾಳು ಉಪ್ಪಿಟ್ಟನ್ನು ಡಬ್ಬಿಗೆ ತುಂಬಿಕೊಂಡು ಬೆಳಿಗ್ಗೆ ಹೊರಟೆ.

ನಮ್ಮಲ್ಲಿ ಬಸ್ ಸ್ಟಾಪಿಗೆ ಹೋಗುವುದು ಒಂದು ಕೆಲಸವೇ ಅಲ್ಲ. ಯಾವ ಕ್ರಾಸಿಗೆ ನುಗ್ಗಿದರೂ ಮುಂದಿನ ಮೇನ್ ರೋಡು ಸಿಕ್ಕೇ ಸಿಗುತ್ತದೆ. ಒಂದು ಕಡೆ ರಸ್ತೆ ಅಗೆದಿದ್ದರು, ಪಕ್ಕದ ಕ್ರಾಸಿಗೆ ಹೊರಳಿದೆ. ದಾರಿಯಲ್ಲೇ ಹೂವು ಕೊಂಡೆ, ಹಳೆಯ ಪರಿಚಯದ ದರ್ಜಿಯ ಹತ್ತಿರ ಎರಡು ಮಾತಾಡಿದೆ. ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಕಂಡಕ್ಟರ್ ಬರೀ ಚೀಟಿ ಕೊಟ್ಟ. ಮಾಗಡಿ ರೋಡಿನಲ್ಲಿ ಬಸ್ಸು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಸುಂಕದಕಟ್ಟೆ ದಾಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು.

ಹೇರೋಹಳ್ಳಿಯಲ್ಲಿ ಇಳಿದರೆ ಎದುರಿಗೇ ಪಾರ್ಕು. ಹೊಂಗೆ ಮರಗಳ ನೆರಳು, ನಡೆಯಲು ಕಲ್ಲು ಹಾಸಿದ ದಾರಿ. ಅದರ ಹಿಂದೆ ಒಂದು ಗೋಡೆ. ಗೋಡೆಯಾಚೆ ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ನಮ್ಮಕ್ಕ! ಹಿಂದೊಮ್ಮೆ ಗೃಹಪ್ರವೇಶಕ್ಕೆ ಯಾರದೋ ಕಾರಿನಲ್ಲಿ ಬಂದಿದ್ದೆ, ಮನೆ ಇಷ್ಟು ಹತ್ತಿರವೆಂದು ತಿಳಿದಿರಲಿಲ್ಲ. ಖುಷಿಯಿಂದ ಫೋನ್ ಮಾಡಿದೆ.

"ಅಲ್ಲೇ ನಿಂತ್ಕೋ ಶಾರದಾ, ಮಂಜು ಕಾರ್ ತರ್ತಾನೆ" ಅಂದಳು.

"ಕಾರ್ ಯಾಕೆ? ಇಲ್ಲೇ ಕಾಣ್ತಾ ಇದೀಯಲ್ಲ!"

"ಕಾಣ್ತೀನಿ ಕಣೇ. ಬರಕ್ಕಾಗಲ್ಲ."

ನನಗೂ ಹಟ ಬಂತು. ನಡೆದೇ ಬರುತ್ತೇನೆಂದು ಹೊರಟೆ. ಎಡಕ್ಕೆ ಸಿಕ್ಕ ಮೊದಲ ರಸ್ತೆಗೆ ತಿರುಗಿದೆ, ಕೊನೆಯಲ್ಲಿ ಅದೇ ಗೋಡೆ. ಹಿಂದಕ್ಕೆ ಬಂದು ಮುಂದಿನದಕ್ಕೆ ಹೋದೆ, ಅಲ್ಲೂ ಗೋಡೆ. ಕೊನೆಗೆ ದೊಡ್ಡ ರಸ್ತೆಯನ್ನೇ ಸುತ್ತಿಕೊಂಡು ಹೋಗಬೇಕಾಯಿತು. ಫುಟ್‌ಪಾತ್ ಎಂಬುದೇ ಇಲ್ಲ. ಜಲ್ಲಿ ತುಂಬಿದ ಟಿಪ್ಪರೊಂದು ಸೆರಗಿಗೆ ತಾಗುವಷ್ಟು ಹತ್ತಿರದಲ್ಲಿ ಹೋಯಿತು, ಅಯ್ಯಪ್ಪಾ ಎಂದು ಯಾರದೋ ಕಾಂಪೌಂಡಿಗೆ ಅಂಟಿಕೊಂಡು ನಿಂತೆ. ನಡೆಯುವವಳು ನಾನೊಬ್ಬಳೇ. ಬೈಕಿನ ಹುಡುಗನೊಬ್ಬ ನಿಲ್ಲಿಸಿ, "ಆಂಟಿ, ಗಾಡಿ ಕೆಟ್ಟೋಯ್ತಾ?" ಅಂತ ಕೇಳಿದ. ಇಲ್ಲಪ್ಪ, ನಡೀತಿದೀನಿ ಎಂದರೆ ಅವನೇ ಗಾಬರಿಯಾದ.

ಮನೆ ತಲುಪುವಾಗ ಸೀರೆಯಂಚೆಲ್ಲ ಧೂಳು. ಅಕ್ಕ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದಳು. ಮಡಚು ನೋಡೋಣ ಅಂದೆ. ಸ್ವಲ್ಪ ಬಗ್ಗಿತು, ಅಷ್ಟಕ್ಕೇ ಹಲ್ಲು ಕಚ್ಚಿದಳು. ಎರಡು ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಹೆಂಗಸು ಇವಳು!

"ನಡೀತೀನಿ ಅಂದಿದ್ದು ಸುಳ್ಳಾ?"

"ಕಂಬಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಟೆರೇಸಲ್ಲಿ ಒಂದೆರಡು ಸುತ್ತು ಹಾಕ್ತೀನಿ. ಮಂಜು ಬೇಗ ಬಂದ್ರೆ ಪಾರ್ಕಿಗೆ ಕರ್ಕೊಂಡೋಗ್ತಾನೆ."

"ಹೆಂಗೆ?"

"ಕಾರಲ್ಲಿ."

ಮನೆಯ ಹಿಂದಿನ ಪಾರ್ಕಿಗೆ, ಅದೂ ನಡೆಯುವುದಕ್ಕೆ, ಕಾರಿನಲ್ಲಿ! "ಏನ್ ಮಾಡ್ಲಿ ಚಿಕ್ಕಮ್ಮ? ಆ ರೋಡಲ್ಲಿ ಅಮ್ಮನ್ನ ನಡೆಸಕ್ಕಾಗತ್ತಾ? ನಾನು ಬರೋದು ಲೇಟಾದ್ರೆ ಜಾಮ್, ಕಾರಲ್ಲೂ ಹೋಗಕ್ಕಾಗಲ್ಲ" ಅಂದ ಮಂಜು ಪಾಪ. ಅವನೂ ಕೊತ್ತಂಬರಿ ಸೊಪ್ಪಿಗೂ ಸ್ಕೂಟರ್ ತೆಗೆಯುತ್ತಾನಂತೆ. ತಂದ ಉಪ್ಪಿಟ್ಟು ನನಗೇ ಸೇರಲಿಲ್ಲ.

ಸಂಜೆ ಅಕ್ಕನ ಕೈ ಹಿಡಿದು ಬೀದಿಯ ಕೊನೆಗೆ ಕರೆತಂದೆ. ಆಳಿಗಿಂತ ತುಸು ಎತ್ತರದ ಗೋಡೆ. ಅದಕ್ಕೊಂದು ಕಬ್ಬಿಣದ ಏಣಿ ಒರಗಿಸಿತ್ತು. ನೋಡುತ್ತಿದ್ದಂತೆ ಗೋಡೆಯ ಮೇಲೆ ಒಂದು ನರೆತ ತಲೆ ಮೂಡಿತು. ನಾನು ಕಿಟಾರನೆ ಕಿರುಚಿದೆ.

"ಹೆದರ್ಬ್ಯಾಡಿ ಕಣವ್ವ, ನಾನು" ಎನ್ನುತ್ತಾ ವಯಸ್ಸಾದ ಹೆಂಗಸೊಬ್ಬರು ಸೀರೆ ಎತ್ತಿ ಕಟ್ಟಿಕೊಂಡು ಸರಸರ ಇಳಿದರು. ಪುಟ್ಟಮ್ಮನವರು. ಲೇಔಟ್ ಆಗುವ ಮೊದಲು ಇದೆಲ್ಲ ಅವರ ಮನೆಯವರ ರಾಗಿ ಹೊಲ. ಗಂಡ ಮತ್ತು ಮೈದುನ ಪಾಲು ಮಾಡಿಕೊಂಡು ಜಗಳವಾಡಿ, ಈ ಕಡೆ ಒಬ್ಬರು ಆ ಕಡೆ ಒಬ್ಬರು ಲೇಔಟ್ ಮಾಡಿ, ನಡುವೆ ಗೋಡೆ ಎಬ್ಬಿಸಿದ್ದರು.

"ಈಗ ರಾಜಿಯಾಗವ್ರೆ. ದಿನಾ ಓರಗಿತ್ತಿ ಮನೇಲೆ ಕಾಪಿ ನಂಗೆ" ಎಂದು ನಕ್ಕರು.

"ಮತ್ತೆ ಈ ಗೋಡೆ ಒಡೆಯಕ್ಕೇನು ರೋಗ?"

"ಒಡೀತೀವಿ ಅಂತ್ಲೇ ಅಂದ್ವಿ. ನಿಮ್ ಲೇಔಟ್ನೋರೇ ಬ್ಯಾಡ ಅಂದ್ರು. ಆ ಕಡೆ ಗಾಡಿಯೆಲ್ಲ ಇಲ್ಲಿಗೆ ನುಗ್ತವೆ ಅಂತ ಮೀಟಿಂಗ್ ಮಾಡಿ ಕೈ ಎತ್ತುದ್ರು."

ನನಗೆ ಮೈ ಉರಿದುಹೋಯಿತು. "ಯಾರು ಆ ಪುಣ್ಯಾತ್ಮರು?"

ಪುಟ್ಟಮ್ಮನವರು ಅಕ್ಕನ ಮುಖ ನೋಡಿದರು.

"ಮೊದಲು ಕೈ ಎತ್ತಿದ್ದು ನಾನೇ ಕಣೇ" ಅಂದಳು ಅಕ್ಕ. "ಮನೆ ಮುಂದೆ ಮಕ್ಕಳು ಆಡ್ಲಿ ಅಂತ. ಆಗ ನನ್ನ ಕಾಲು ಚೆನ್ನಾಗಿತ್ತು."

ಗಾಡಿ ಬರದ ಹಾಗೆ ಒಬ್ಬರು ನುಸುಳುವಷ್ಟು ಸಂದು ಬಿಡಿಸಬಾರದೇ ಎಂದೆ. ನಮ್ಮದೇನೂ ಅಡ್ಡಿಯಿಲ್ಲ, ನಿಮ್ಮೋರು ಒಪ್ಪಲಿ ಎಂದರು ಪುಟ್ಟಮ್ಮನವರು.

"ಕೇಳ್ತೀನಿ. ಆದ್ರೆ ಈಗ ಯಾರೇ ಕೈ ಎತ್ತಾರೆ? ಎಲ್ಲರ ಮನೇಲೂ ಗಾಡಿ ಇದೆ" ಅಂದಳು ಅಕ್ಕ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡಲು ನೋಡಿದಳು. ಮಂಡಿ ಬಗ್ಗಲಿಲ್ಲ. "ನೀನು ಹೊರಡು, ಕತ್ತಲಾಗತ್ತೆ."

ಪುಟ್ಟಮ್ಮನವರು ಏಣಿ ಹಿಡಿದುಕೊಂಡರು. ದೇವರ ಮೇಲೆ ಭಾರ ಹಾಕಿ ಹತ್ತಿ, ಆ ಕಡೆಯ ಏಣಿಯಲ್ಲಿ ಇಳಿದೆ. ಪಾರ್ಕು ದಾಟಿದರೆ ಬಸ್ ಸ್ಟಾಪು, ಬೆವರು ಕೂಡ ಬರಲಿಲ್ಲ. ಬಸ್ಸು ಹತ್ತುವ ಮುನ್ನ ತಿರುಗಿ ನೋಡಿದೆ. ಅಕ್ಕ ಇನ್ನೂ ಅಲ್ಲೇ ನಿಂತಿದ್ದಳು. ಗೋಡೆಯ ಮೇಲೆ ಅವಳು ಎತ್ತಿದ ಕೈ ಮಾತ್ರ ಕಾಣುತ್ತಿತ್ತು.