ಬಾಯಿಬಿಡದ ಬಾಣಂತಿಯರ ದೊಡ್ಡಕ್ಕ

ಹೆರಿಗೆ ವಾರ್ಡಿನ ಹಿರಿಯ ನರ್ಸನ್ನು ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆಳು ಮಾತ್ರ ಗಿಡ್ಡ. ಕಿಟಕಿಯ ಪರದೆ ಎಳೆಯಲೂ ಸ್ಟೂಲು ಹತ್ತಬೇಕು. ಯಾವ ಬಾಣಂತಿ ಮನೆಗೆ ಹೋದಮೇಲೆ ಎದೆಹಾಲು ಬಿಡಿಸಿಬಿಡುತ್ತಾಳೆ ಎಂಬುದನ್ನು ಅವಳು ವಾರ್ಡಿನಲ್ಲೇ ಗುರುತಿಸುತ್ತಿದ್ದಳು. ಹೊಸ ನರ್ಸುಗಳಿಗೆ ಹೇಳುತ್ತಿದ್ದಳು: "ಅಳೋ ಕೂಸಿಗೆ ಹಾಲು ಅಂತಾರಲ್ಲ, ತಾಯಂದಿರದ್ದೂ ಅದೇ ಕಥೆ. ಅತ್ತವಳ ಹತ್ರ ಎಲ್ಲರೂ ಓಡ್ತಾರೆ. ನೀವು ಅಳದೇ ಇರೋಳ ಪಕ್ಕ ಒಂದು ಗಳಿಗೆ ಕೂತ್ಕೊಳ್ಳಿ."

ಹಾಗೆ ಒಮ್ಮೆ ಬಸ್ ಕಂಡಕ್ಟರ್ ಕೆಲಸದ ಹುಡುಗಿಯೊಬ್ಬಳ ಪಕ್ಕ ಕೂತಳು. ಚೊಚ್ಚಲ ಹೆರಿಗೆ. ಮಾತಿನ ಮಲ್ಲಿ, ಇಡೀ ವಾರ್ಡನ್ನು ನಗಿಸುತ್ತಿದ್ದಳು. ಮಗು ಹಾಲು ಕುಡಿಯುತ್ತಾ ಎಂದರೆ, "ಓ, ಅಪ್ಪನ ಮಗ, ಊಟದ ವಿಷಯದಲ್ಲಿ ನಾಚಿಕೆ ಇಲ್ಲ" ಎನ್ನುವಳು. ಆದರೆ ಮಗು ಎದೆಗೆ ಬಾಯಿ ಹಾಕಿದೊಡನೆ ಹೊದಿಕೆಯಾಚೆ ಚಾಚಿದ್ದ ಅವಳ ಕಾಲ್ಬೆರಳುಗಳು ಮುದುಡಿದವು.

"ನೋಯ್ತಿದೆಯೇನಮ್ಮ?"

"ಇಲ್ಲಕ್ಕ, ಚಳಿ ಅಷ್ಟೇ."

ದೊಡ್ಡಕ್ಕ ಡಾಕ್ಟರಿಗೆ ಹೇಳಿದಳು. "ನನಗೂ ಅನುಮಾನ ಇತ್ತು, ನಾಳೆ ಇಬ್ಬರೂ ಕೂತು ನೋಡೋಣ" ಎಂದರು ಅವರು. ಬೆಳಗಾಗುವಷ್ಟರಲ್ಲಿ ಹುಡುಗಿ ಹಟ ಮಾಡಿ ಮನೆಗೆ ಹೊರಟುಹೋಗಿದ್ದಳು.

ದೊಡ್ಡಕ್ಕನಿಗೆ ತಡೆಯಲಿಲ್ಲ. ಡ್ಯೂಟಿ ಮುಗಿಸಿಕೊಂಡು, ಹುಡುಗಿಯ ಮನೆಯಿದ್ದ ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ತೆರೆದ ಅತ್ತೆಯ ಕೈಯಲ್ಲಿ ಹಾಲಿನ ಬಾಟಲಿ.

"ಇವಳಿಗೆ ಹಾಲೇ ಇಲ್ಲ ಸಿಸ್ಟರ್. ನನಗೂ ಇರಲಿಲ್ಲ. ಹಂಗಂತ ನಮ್ಮತ್ತೆ ಹೇಳಿದ್ರು."

ದೊಡ್ಡಕ್ಕ ಕೈ ತೊಳೆದುಕೊಂಡು, ಮಂಚದ ಮೇಲಿದ್ದ ಹುಡುಗಿಯ ಪಕ್ಕ ಕೂತಳು. "ಒಂದು ದಿಂಬು ಕೊಡಿ ಅಮ್ಮ, ನೀವೂ ಇಲ್ಲೇ ಕೂತ್ಕೊಳ್ಳಿ" ಎಂದಳು. ಹುಡುಗಿ ಗೋಡೆ ನೋಡುತ್ತಾ ಹೇಳಿದಳು, "ಬಸ್ ತುಂಬಾ ಜನಾನ ಸಂಭಾಳಿಸೋಳು ನಾನು. ಈ ಅಂಗೈಯಗಲದ ಕೂಸು ಬಾಯಿ ತೆರೆದ್ರೆ ಜೀವ ನಡುಗುತ್ತಕ್ಕ. ಯಾರ ಹತ್ರ ಹೇಳ್ಲಿ?"

ಮೊಲೆತೊಟ್ಟು ಬಿರಿದು ರಕ್ತ ಜಿನುಗುತ್ತಿತ್ತು. ದೊಡ್ಡಕ್ಕ ಮಗುವನ್ನು ತಾಯಿಯ ಹೊಟ್ಟೆಗೆ ಒತ್ತಿ ತಿರುಗಿಸಿ, ಅದು ಬಾಯಿ ಅಗಲಿಸುವವರೆಗೆ ಕಾದು, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸಿದಳು. ಮೊದಲ ಸಲ ತಪ್ಪಿತು, ಎರಡನೆಯದೂ ತಪ್ಪಿತು. ಆಮೇಲೆ ಹುಡುಗಿಯ ಬಿಗಿದ ಭುಜ ಮೆಲ್ಲಗೆ ಇಳಿಯಿತು.

"ಗುಟುಕರಿಸೋದು ಕೇಳಿಸ್ತಾ ಅಮ್ಮ?" ಎಂದಳು ದೊಡ್ಡಕ್ಕ ಅತ್ತೆಯತ್ತ ತಿರುಗಿ.

ಅತ್ತೆ ಕಿವಿಗೊಟ್ಟಳು. ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು, "ನನಗೆ ಯಾರೂ ಹೀಗೆ ಹಿಡಿದು ತೋರಿಸಲಿಲ್ಲ" ಎಂದಳು.

ಗಾಯ ಮಾಯುವವರೆಗೆ ಬಾಟಲಿಯೂ ನಡೆಯಿತು, ಎದೆಹಾಲೂ ನಡೆಯಿತು. ಬರುಬರುತ್ತಾ ಬಾಟಲಿ ಮೂಲೆ ಸೇರಿತು. ಹುಡುಗಿ ಮತ್ತೆ ಬಸ್ಸು ಹತ್ತಿದಾಗ, ಅವಳು ಹಿಂಡಿಟ್ಟ ಹಾಲನ್ನು ಮೊಮ್ಮಗನಿಗೆ ಚಮಚದಲ್ಲಿ ಕುಡಿಸುವ ಕೆಲಸವನ್ನು ಅತ್ತೆ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಎಲ್ಲ ಮನೆಯಲ್ಲೂ ಹೀಗೆ ಗೆಲ್ಲಲಾಗುತ್ತಿರಲಿಲ್ಲ. ಏನು ಮಾಡಿದರೂ ಆಗದೆ ಹಾಲು ಬಿಡಿಸಿದವಳೊಬ್ಬಳು ತಲೆ ತಗ್ಗಿಸಿ ವಾರ್ಡಿಗೆ ಬಂದಾಗ ದೊಡ್ಡಕ್ಕ ಮಗುವನ್ನೆತ್ತಿ ಮುದ್ದಾಡಿ, "ನೀನು ಊಟ ಮಾಡಿದ್ಯಾ ಮೊದಲು ಹೇಳು" ಎಂದು ತನ್ನ ಡಬ್ಬಿ ಬಿಚ್ಚಿದಳಂತೆ.